ಸವೆತದ ಮೇರೆ

ಎಷ್ಟೇ ನಯವಾಗಿ ಕಡೆದ ಲೋಹದ ಮೈಯೂ ಸೂಕ್ಷ್ಮದರ್ಶಕದಡಿಯಲ್ಲಿ ಏರುತಗ್ಗುಗಳ ಪ್ರದೇಶವೇ ಆಗಿರುವುದರಿಂದ, ಹೊಸ ಇಂಜಿನ್ನಿನ ಪಿಸ್ಟನ್ ರಿಂಗೂ ಸಿಲಿಂಡರಿನ ಗೋಡೆಯೂ ಮೊದಮೊದಲು ಕೆಲವೇ ಶಿಖರಗಳಲ್ಲಿ ಪರಸ್ಪರ ತಾಗುತ್ತವೆ. ಆ ಶಿಖರಗಳು ಸವೆದು ಒಂದು ಮೈ ಇನ್ನೊಂದಕ್ಕೆ ಒಗ್ಗಿದ ಮೇಲೆಯೇ ರಿಂಗು ಅನಿಲವನ್ನು ಸೋರಗೊಡದೆ ತಡೆಯಬಲ್ಲುದು. ಯಂತ್ರದ ಬಾಳೇ ಹೀಗೆ ಒಂದು ಸಣ್ಣ ಸವೆತದಿಂದ ಆರಂಭವಾಗುವುದಾದರೆ, ಆ ಸವೆತವನ್ನು ತ್ವರೆಗೊಳಿಸುವುದು ಲೇಸೋ, ತಗ್ಗಿಸುವುದು ಲೇಸೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಎರಡು ಪಕ್ಷಗಳಿಗೂ ಬೇಕಾದ ದ್ರವ್ಯವನ್ನು ಒಬ್ಬನೇ ಶೋಧಕನು ಒದಗಿಸಿದ್ದಾನೆ. ಅಮೆರಿಕದ ಎಡ್ವರ್ಡ್ ಗುಡ್‌ರಿಚ್ ಅಚೆಸನ್ 1891ರಲ್ಲಿ ಜೇಡಿಮಣ್ಣನ್ನೂ ಕೋಕನ್ನೂ ವಿದ್ಯುತ್ತಿನಿಂದ ಕಾಯಿಸಿ, ಕಾಠಿಣ್ಯದಲ್ಲಿ ವಜ್ರಕ್ಕೆ ಸಮೀಪವಾದ ಕಾರ್ಬೊರಂಡಮನ್ನು ಪಡೆದನು. ಅದೇ ವಸ್ತು ಇನ್ನೂ ಮಿಗಿಲಾಗಿ ಕಾದಾಗ ಅದರೊಳಗಿನ ಸಿಲಿಕಾನ್ ಆವಿಯಾಗಿ ಹೋಗಿ, ಉಳಿದ ಇಂಗಾಲವು ಪದರಪದರವಾಗಿ ಜಾರುವ ಗ್ರಾಫೈಟಾಗುವುದನ್ನು ಕಂಡು, 1896ರಲ್ಲಿ ಆ ವಿಧಾನಕ್ಕೆ ಪೇಟೆಂಟನ್ನೂ ಪಡೆದನು. ಕೊರೆಯುವ ಪುಡಿಯೂ ಜಾರಿಸುವ ಪುಡಿಯೂ ಒಂದೇ ಕುಲುಮೆಯ ಮಕ್ಕಳು.

ಕೊರೆಯುವ ಪುಡಿಯ ಪಕ್ಷಪಾತಿಗಳ ವಾದ ನಿರಾಧಾರವಾದುದಲ್ಲ. ರಿಂಗು ಕೂರದೆ ಎಣ್ಣೆ ಕುಡಿಯುವ ಇಂಜಿನ್ನಿಗೆ ಪಾತ್ರೆ ತಿಕ್ಕುವ ನುಣ್ಣನೆಯ ಪುಡಿಯನ್ನು ಕಾರ್ಬ್ಯುರೇಟರಿನ ಮೂಲಕ ಊಡಿ ಸರಿಪಡಿಸಿದ ಮೆಕ್ಯಾನಿಕರು ಅಮೆರಿಕದಲ್ಲಿದ್ದರು. ಆದರೆ ಪುಡಿಗೆ ಸ್ಥಳಜ್ಞಾನವಿಲ್ಲ, ಕಾಲಜ್ಞಾನವೂ ಇಲ್ಲ; ರಿಂಗಿನ ಕಾರ್ಯ ಮುಗಿದ ಮೇಲೂ ಅದು ಎಣ್ಣೆಯೊಡನೆ ಕೆಳಗಿಳಿದು, ಬೇರಿಂಗಿನ ಮೃದುಲೋಹದಲ್ಲಿ ಹೂತು ಕುಳಿತು, ತನಗಾವ ಅಪರಾಧವನ್ನೂ ಮಾಡದ ಕ್ರ್ಯಾಂಕಿನ ಮೈಯನ್ನು ಕೊರೆಯತೊಡಗುತ್ತದೆ. ಇನ್ನು ಗ್ರಾಫೈಟು, ಎಣ್ಣೆಯ ಪೊರೆ ಇನ್ನೂ ಹರಡದ ಆರಂಭದ ಕ್ಷಣಗಳಲ್ಲಿ ಲೋಹ ಲೋಹಕ್ಕೆ ಅಂಟದಂತೆ ಕಾಯುವುದು ದಿಟವೇ. ಆದರೆ ಜಾರುವಿಕೆಯೇ ಮೊದಲಿನಿಂದ ಮಿತಿಮೀರಿದರೆ ಸವೆಯಬೇಕಾದ ಶಿಖರಗಳು ಸವೆಯದೆ ಉಳಿದು, ಗೋಡೆಯ ಮೇಲೆ ಬೆಂದ ಎಣ್ಣೆ ಗಾಜಿನಂತೆ ಗಟ್ಟಿಯಾಗುತ್ತದೆ. ವಿಮಾನಗಳ ಪಿಸ್ಟನ್ ಇಂಜಿನ್ನುಗಳನ್ನು ಮೊದಲ 25ರಿಂದ 50 ಗಂಟೆಗಳ ಕಾಲ ವಿಶೇಷ ಬೆರಕೆಗಳಿಲ್ಲದ ಖನಿಜ ತೈಲದಲ್ಲಿ ಓಡಿಸುವ ರೂಢಿಗೆ ಕಾರಣವೂ ಇದೇ.

ಹಾಗಾದರೆ ಯುಕ್ತವಾದುದು ಯಾವುದು? ಸಿಲಿಂಡರಿನ ಗೋಡೆಯಲ್ಲಿ ಹೋನಿಂಗ್ ಕಲ್ಲಿನಿಂದ ಅಡ್ಡಡ್ಡಲಾಗಿ ಎಳೆದ ಗೆರೆಗಳಲ್ಲಿ ಉತ್ತರವಿದೆ. ಅವುಗಳ ಶಿಖರಗಳು ರಿಂಗನ್ನು ತಿದ್ದುತ್ತ ತಾವೇ ಸವೆದುಹೋಗುತ್ತವೆ, ತಗ್ಗುಗಳು ಎಣ್ಣೆಯನ್ನು ಹಿಡಿದು ಬಹುಕಾಲ ಸೇವೆ ಸಲ್ಲಿಸುತ್ತವೆ. ವಾಲ್ವನ್ನು ಅದರ ಪೀಠಕ್ಕೆ ಕೂರಿಸುವಾಗ ಕಾರ್ಬೊರಂಡಮ್ ಪೇಸ್ಟನ್ನು ಹಚ್ಚಿ ತಿಕ್ಕುವ ಕುಶಲಿಯೂ, ಕೆಲಸವಾದೊಡನೆ ಅದನ್ನು ಕಣವುಳಿಯದಂತೆ ತೊಳೆಯುತ್ತಾನೆ. ಆದುದರಿಂದ ಒರಟುತನವನ್ನು ಅದರ ತೀಕ್ಷ್ಣತೆಯಿಂದಲ್ಲ, ಅದರ ಕೊನೆಯಿಂದ ಅಳೆಯಬೇಕು. ಯಂತ್ರವನ್ನು ಪಳಗಿಸುವುದಿರಲಿ, ಮಗುವನ್ನೋ ಶಿಷ್ಯನನ್ನೋ ತಿದ್ದುವುದಿರಲಿ, ತನ್ನ ಕಾರ್ಯವಾದೊಡನೆ ಅಳಿಯುವ ಇಲ್ಲವೆ ತೊಳೆದು ತೆಗೆಯಬಹುದಾದ ಕಾಠಿಣ್ಯವು ಶಿಕ್ಷಣ. ಒಳಗೆ ಹೂತು ಉಳಿದು ಕೊರೆಯುತ್ತಲೇ ಇರುವ ಕಾಠಿಣ್ಯವು, ಎಷ್ಟು ಬೇಗನೆ ಫಲ ಕೊಟ್ಟರೂ, ಹಿಂಸೆಯೇ.