ಅರಿವಿನ ಮರೆಯಲ್ಲಿ ಮರೆವು

ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು, ಅರಿತು ಮಾಡಿದ ತಪ್ಪಿಗೆ ದಂಡನೆಯುಂಟು ಎಂಬುದು ಲೋಕದ ನ್ಯಾಯ. ಇವೆರಡರ ನಡುವೆ ಮೂರನೆಯ ಬಗೆಯ ತಪ್ಪೊಂದಿರುವುದು. ಕೆಲಸವನ್ನು ಚೆನ್ನಾಗಿ ಬಲ್ಲವನು, ಯಾರಿಗೂ ಕೇಡನ್ನು ಬಯಸದವನು, ಕಣ್ಣಿಗೆ ಕಂಡ ಸೂಚನೆಯನ್ನು ಬಾಯಿಂದ ಹೇಳಿಯೂ ಮನಸ್ಸಿಗೆ ತಂದುಕೊಳ್ಳದೆ ಮುಂದೆ ಸಾಗಿಬಿಡುವನು. ಇಂಥವನನ್ನು ಅಜ್ಞಾನಿಯೆನ್ನಬಹುದೆ? ಅಪರಾಧಿಯೆನ್ನಬಹುದೆ?

2006ನೆಯ ಇಸವಿ ಆಗಸ್ಟ್ 27ರಂದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ ನಡೆದ ದುರಂತವೊಂದು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ. ಲೆಕ್ಸಿಂಗ್ಟನ್ ನಗರದ ಬ್ಲೂ ಗ್ರಾಸ್ ವಿಮಾನನಿಲ್ದಾಣದಿಂದ ಕಾಮೇರ್ ಸಂಸ್ಥೆಯ 5191ನೆಯ ವಿಮಾನವು ಅಟ್ಲಾಂಟಾ ನಗರಕ್ಕೆ ಹೊರಟಿತ್ತು. ಅದರಲ್ಲಿ 47 ಪ್ರಯಾಣಿಕರೂ 3 ಮಂದಿ ಸಿಬ್ಬಂದಿಯೂ ಇದ್ದರು. ಸೂರ್ಯೋದಯಕ್ಕೆ ಇನ್ನೂ ಸುಮಾರು ಒಂದು ಗಂಟೆಯಿತ್ತು, ಸುತ್ತಲೂ ಕತ್ತಲೆ. ಆ ನಿಲ್ದಾಣದಲ್ಲಿ ಎರಡು ರನ್‌ವೇಗಳು. 22 ಎಂಬ ಸಂಖ್ಯೆಯದು ಸುಮಾರು 7,000 ಅಡಿ ಉದ್ದದ್ದು. 26 ಎಂಬುದು ಸುಮಾರು 3,500 ಅಡಿಯದು. ದೀಪಗಳಿಲ್ಲದ್ದು, ಹಗಲಿನಲ್ಲಿ ಸಣ್ಣ ವಿಮಾನಗಳಿಗೆ ಮೀಸಲಾದದ್ದು. ಎರಡರ ತುದಿಗಳೂ ಒಂದಕ್ಕೊಂದು ಹತ್ತಿರ. ಚಿಕ್ಕದನ್ನು ದಾಟಿ ದೊಡ್ಡದನ್ನು ಸೇರಬೇಕಾಗಿದ್ದ ವಿಮಾನವು ಚಿಕ್ಕದರ ಮೇಲೆಯೇ ತಿರುಗಿ ಓಡತೊಡಗಿತು. ಮೇಲೇರಲು ಸಾಕಷ್ಟು ದಾರಿಯಿಲ್ಲದೆ, ತುದಿಯನ್ನು ಮೀರಿ, ಮರಗಳಿಗೆ ಬಡಿದು ಬೆಂಕಿಗೆ ಆಹುತಿಯಾಯಿತು. 49 ಜನ ಮಡಿದರು. ಬದುಕುಳಿದವನು ಸಹಚಾಲಕನೊಬ್ಬನೇ.

ಚಾಲಕರಿಬ್ಬರೂ ಕೆಲಸವರಿಯದವರಲ್ಲ. 22ನೆಯ ರನ್‌ವೇಗೆ ಹೋಗಬೇಕೆಂದು ಅವರಿಗೆ ತಿಳಿಸಲಾಗಿತ್ತು. ವಿಮಾನವು ಬೇರೆ ದಿಕ್ಕಿಗೆ ಮುಖಮಾಡಿದೆಯೆಂಬುದನ್ನು ಕಣ್ಣೆದುರಿನ ದಿಕ್ಸೂಚಿಯು ತೋರಿಸುತ್ತಲೇ ಇತ್ತು. ಅದೇ ಮುಂಜಾನೆ ಅವರು ಮೊದಲು ಬೇರೊಂದು ವಿಮಾನವನ್ನು ಹತ್ತಿ, ಅದು ತಮ್ಮದಲ್ಲವೆಂದು ಅಲ್ಲಿಯ ಕೆಲಸಗಾರರು ಹೇಳಿದ ಮೇಲೆ ಇಳಿದು ಬಂದಿದ್ದರು. ಅದೂ ಒಂದು ಎಚ್ಚರಿಕೆಯೇ. ವಿಮಾನವು ನೆಲದ ಮೇಲೆ ಸಾಗುವಾಗ ಕೆಲಸಕ್ಕೆ ಸಂಬಂಧಿಸದ ಮಾತನ್ನಾಡಬಾರದೆಂಬ ನಿಯಮವಿದ್ದರೂ ಸ್ವಲ್ಪ ಹೊತ್ತು ಬೇರೆ ಮಾತು ನಡೆಯಿತು. ಕಡೆಗೆ, ವಿಮಾನವು ಓಡುತ್ತಿರುವಾಗಲೇ, ದೀಪಗಳಿಲ್ಲದಿರುವುದು ವಿಚಿತ್ರವೆಂದು ಸಹಚಾಲಕನು ನುಡಿದನು. ಮುಖ್ಯ ಚಾಲಕನು ಹೌದೆಂದನು. ವಿಮಾನವು ಓಡುತ್ತಲೇ ಇತ್ತು.

ಕಂಡದ್ದನ್ನು ಕಂಡಂತೆ ನುಡಿದವರು ಏಕೆ ನಿಲ್ಲಲಿಲ್ಲ? ಸಹಚಾಲಕನು ಹಿಂದೊಂದು ರಾತ್ರಿ ಅದೇ ನಿಲ್ದಾಣಕ್ಕೆ ಬಂದಾಗ ಹಲವೆಡೆ ದೀಪಗಳು ಆರಿದ್ದುದನ್ನು ನೋಡಿದ್ದನು. ಸರಿಯಾದ ರನ್‌ವೇಯಲ್ಲಿಯೂ ನಡುಗೆರೆಯ ದೀಪಗಳು ಆಗ ಉರಿಯುತ್ತಿರಲಿಲ್ಲ. ಆದ್ದರಿಂದ ಸಂಶಯವು ಏಳುವ ಮೊದಲೇ ಅದಕ್ಕೆ ಸಮಾಧಾನವು ಸಿದ್ಧವಾಗಿದ್ದಿರಬೇಕು. ತಿಳಿದಿದ್ದ ಒಂದು ಸಂಗತಿಯೇ ತಿಳಿಯಬೇಕಾಗಿದ್ದ ಇನ್ನೊಂದನ್ನು ಮುಚ್ಚಿತು. ಅಜ್ಞಾನಿಯಾದರೆ ಹೆದರಿ ನಿಂತಾನು. ಬಲ್ಲವನಿಗೆ ತನ್ನ ಬಲ್ಮೆಯೇ ಕಣ್ಣಿನ ಪೊರೆಯಾಗಬಹುದು.

ತಪ್ಪು ಅವರಿಬ್ಬರದೇ ಎನ್ನುವುದು ನ್ಯಾಯವೆ ಎಂದು ಕೇಳುವವರುಂಟು. ನಿಯಂತ್ರಣ ಗೋಪುರದಲ್ಲಿ ಅಧಿಕಾರಿಯೊಬ್ಬನೇ ಇದ್ದನು. ಹೊರಡಲು ಅನುಮತಿಯಿತ್ತು ಬೇರೆ ಕೆಲಸಕ್ಕೆ ತಿರುಗಿದನು. ನಿಲ್ದಾಣದ ನಿರ್ಮಾಣಕಾರ್ಯದಿಂದ ದಾರಿಗಳು ಬದಲಾಗಿದ್ದು, ಚಾಲಕರ ಕೈಯಲ್ಲಿದ್ದ ನಕ್ಷೆಗೂ ನೆಲಕ್ಕೂ ವ್ಯತ್ಯಾಸವಿತ್ತು. ಇದೆಲ್ಲ ನಿಜವೇ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2007ರಲ್ಲಿ ತೀರ್ಮಾನ ಹೇಳುವಾಗ ನಿಯಮಗಳ ಕೊರತೆಯನ್ನೂ ಎತ್ತಿ ತೋರಿಸಿತು. ಆದರೂ ಕಣ್ಣೆದುರಿನ ಗುರುತುಗಳನ್ನು ಬಳಸಿ ತಾವಿದ್ದ ಸ್ಥಳವನ್ನು ಚಾಲಕರು ಪರೀಕ್ಷಿಸಿಕೊಳ್ಳದಿದ್ದುದೇ ಮುಖ್ಯ ಕಾರಣವೆಂದಿತು. ಹತ್ತು ಜನ ಹೊತ್ತರೆ ಹೊರೆ ಹಗುರವಾಗುವುದು. ಹೊಣೆ ಹಾಗಲ್ಲ, ಅದು ಪ್ರತಿಯೊಬ್ಬನ ಮೇಲೆಯೂ ಪೂರ್ಣವಾಗಿಯೇ ಇರುವುದು. ಮುಖ್ಯ ಚಾಲಕನು ವಿಮಾನವನ್ನು ತಂದು ನಿಲ್ಲಿಸಿ ಸಹಚಾಲಕನ ಕೈಗಿತ್ತನು. ಕೊಟ್ಟವನು ನೋಡಿರುವನೆಂದು ತೆಗೆದುಕೊಂಡವನೂ, ತೆಗೆದುಕೊಂಡವನು ನೋಡುವನೆಂದು ಕೊಟ್ಟವನೂ ನಂಬಿದರೆ, ಇಬ್ಬರಿದ್ದೂ ನೋಡುವವರಿಲ್ಲದಂತಾಗುತ್ತದೆ.

ಇದನ್ನೋದಿ ಆ ಚಾಲಕರನ್ನು ಹಳಿಯುವುದು ಸುಲಭ. ರಾತ್ರಿ ಮಗು ಕೆಮ್ಮಿದಾಗ ತಾಯಿಯು ದೀಪ ಹೊತ್ತಿಸದೆ ಗೂಡಿನಲ್ಲಿರುವ ಔಷಧದ ಸೀಸೆಗೆ ಕೈಚಾಚುವಳು. ಮುಚ್ಚಳವು ಕೈಗೆ ಬೇರೆಯಾಗಿ ತೋರುವುದು. ಸೊಸೆ ಬದಲಾಯಿಸಿರಬೇಕೆಂದುಕೊಂಡು ಚಮಚಕ್ಕೆ ಸುರಿಯುವಳು. ಪಾಲುದಾರನು ರುಜು ಹಾಕಿರುವನೆಂದು ಯಜಮಾನನು ಲೆಕ್ಕದ ಪುಸ್ತಕವನ್ನು ಓದದೆ ತಾನೂ ರುಜು ಹಾಕುವನು. ಹೆಚ್ಚಿನ ದಿನಗಳಲ್ಲಿ ಇದರಿಂದ ಕೇಡಾಗುವುದಿಲ್ಲ. ಕೇಡಾಗದಿರುವುದು ಅವರ ಎಚ್ಚರದ ಫಲವಲ್ಲ. ಫಲದಲ್ಲಿ ಅಜಗಜಾಂತರವಿದ್ದರೂ ತಪ್ಪಿನ ಬೇರು ಒಂದೇ. ಆದುದರಿಂದ ಆ ಚಾಲಕರ ವಿಷಯದಲ್ಲಿ ಕರುಣೆಯೂ ತನ್ನ ವಿಷಯದಲ್ಲಿ ಕಾಠಿಣ್ಯವೂ ಗೃಹಸ್ಥನಿಗೆ ಸಲ್ಲುವವು.

ಕೇಡನ್ನು ಬಯಸದವನು ದುಷ್ಟನಲ್ಲ. ಆದರೆ ಇತರರ ಪ್ರಾಣವನ್ನು ಕೈಯಲ್ಲಿ ಹಿಡಿದವನಿಗೆ ಸದುದ್ದೇಶವೊಂದೇ ಸಾಲದು. ದುರಂತದ ಬಳಿಕ ಅದೇ ಮಂಡಳಿಯು ಸೂಚಿಸಿದ ಪರಿಹಾರಗಳಲ್ಲೊಂದು ತೀರ ಸರಳವಾದದ್ದು: ರನ್‌ವೇಯನ್ನು ಪ್ರವೇಶಿಸುವ ಮುನ್ನ ಚಾಲಕರೆಲ್ಲರೂ ತಾವೆಲ್ಲಿರುವೆವೆಂಬುದನ್ನು ಪರಸ್ಪರ ತಾಳೆನೋಡಿ ದೃಢಪಡಿಸಿಕೊಳ್ಳಬೇಕು. ಅದಕ್ಕೆ ತಗಲುವುದು ಕೆಲವೇ ಕ್ಷಣ. ಮನೆಯಲ್ಲಿಯೂ ಅಂಗಡಿಯಲ್ಲಿಯೂ ಆ ಕೆಲವು ಕ್ಷಣಗಳನ್ನು ಕೊಡಲು ಯಾರಿಗೂ ಬಡತನವಿಲ್ಲ. ಇಲ್ಲಿ ಬೆಳಕಿರಬೇಕಾಗಿತ್ತಲ್ಲ ಎಂದು ಮನಸ್ಸಿಗೆ ಹೊಳೆದಾಗ, ಕಾರಣವನ್ನು ಊಹಿಸುವ ಮೊದಲು ಕಾಲನ್ನು ನಿಲ್ಲಿಸುವವನೇ ಅರಿವುಳ್ಳವನು.