ಮಾಸ್ತರರ ಸೂಟಿ

"ಮಾಸ್ತರಕಿ ಅಂದ್ರ ಅರ್ಧ ವರ್ಷ ಸೂಟಿ, ಪಗಾರ ಮಾತ್ರ ಪೂರಾ!" ಪ್ರಿಯ ವಾಚಕರೇ, ಕಟ್ಟೆಯ ಮೇಲಿನ ಈ ಮಾತನ್ನು ನೀವು ಕೇಳಿರುತ್ತೀರಿ. ಬಹುಶಃ ಆಡಿಯೂ ಇರುತ್ತೀರಿ. ಸಿರಸಂಗಿಯಂಥ ಊರಿನಲ್ಲಿ ಇದು ಹಗುರವಾದ ಮಾತಲ್ಲ. 1906ರಲ್ಲಿ ತೀರಿಕೊಂಡ ಇಲ್ಲಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ವಿದ್ಯೆಗಾಗಿ ಬರೆದಿಟ್ಟವರು.

ಮೊದಲು ಲೆಕ್ಕ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಶಿಕ್ಷಕರ ದುಡಿಮೆ, ಪಾಠದ ತಯಾರಿ ಸೇರಿ, ವಾರಕ್ಕೆ ಕನಿಷ್ಠ 45 ತಾಸು. ಕಾರ್ಖಾನೆಯ ಕಾರ್ಮಿಕನಿಗೆ ಕಾಯ್ದೆ ಹಾಕಿದ ಮಿತಿ 48 ತಾಸು. ಅಂದರೆ ವಾರದ ದುಡಿಮೆಯಲ್ಲಿ ಅಂತರ ಅಲ್ಪ; ಸೂಟಿಯಲ್ಲಿ ಮಾತ್ರ ದೊಡ್ಡದು. ಅದನ್ನು ಅಲ್ಲಗಳೆಯಬಾರದು. ಬೇಸಿಗೆಯಲ್ಲಿ ಒಂದೂವರೆ ತಿಂಗಳ ಬಿಡುವು ಬಸ್ ಕಂಡಕ್ಟರನಿಗಿಲ್ಲ, ದವಾಖಾನೆಯ ನರ್ಸಬಾಯಿಗೂ ಇಲ್ಲ.

ಆದರೆ ಆ ಸೂಟಿಯೂ ಪೂರ್ತಿ ಕೈಗೆ ಸಿಗುವುದಿಲ್ಲ. 2025ರ ದಸರೆಯಲ್ಲಿ ನಮ್ಮ ರಾಜ್ಯದ ಸರಕಾರಿ ಶಾಲಾ ಶಿಕ್ಷಕರು ಮನೆಮನೆ ತಿರುಗಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮಾಡಿದರು. ಕೆಲಸ ಮುಗಿಯದೆ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಗೌರವಧನವಿತ್ತು, ನಿಜ, ಬಿಡುವು ಇರಲಿಲ್ಲ. ರಜೆ ಎಂದು ಹೆಸರು, ಮಕ್ಕಳಿಗೆ ಮಾತ್ರ ರಜೆ!

ಇಷ್ಟಕ್ಕೆ ನಿಲ್ಲಿಸಿದರೆ ಮಾಸ್ತರರ ಪರ ವಕೀಲಿಕೆ ಮಾಡಿದಂತಾದೀತು. ನನ್ನ ಪ್ರಶ್ನೆ ಬೇರೆ. ಸಂತ ಥಾಮಸ್ ಅಕ್ವಿನಾಸರು ಮತ್ಸರವನ್ನು ಪರರ ಒಳಿತಿನ ಬಗೆಗಿನ ದುಃಖವೆನ್ನುತ್ತಾರೆ. ಜೊತೆಗೆ ಒಂದು ಸೂಕ್ಷ್ಮ ಭೇದವನ್ನೂ ತೋರಿಸುತ್ತಾರೆ. ಅವನಿಗೆ ಇದೆಯೆಂದು ಕೊರಗುವುದು ಬೇರೆ, ನನಗೆ ಇಲ್ಲವೆಂದು ಕೊರಗುವುದು ಬೇರೆ. ಎರಡನೆಯದರಲ್ಲಿ ಒಳ್ಳೆಯದೂ ಇರಬಹುದು. ಕಬ್ಬು ಕಡಿಯುವವನು "ನನಗೂ ಒಂದು ದಿನ ಬಿಡುವು ಬೇಕು" ಎಂದರೆ ಅದು ನ್ಯಾಯದ ಮಾತು. "ಮಾಸ್ತರನ ಸೂಟಿ ಕಸಿಯಿರಿ" ಎಂದರೆ ಅವನಿಗೆ ಒಂದು ತಾಸೂ ಹೆಚ್ಚಿಗೆ ಸಿಗುವುದಿಲ್ಲ.

ಧರ್ಮೋಪದೇಶಕಾಂಡದಲ್ಲಿ ಸಬ್ಬತ್ತಿನ ಕಟ್ಟಳೆಯನ್ನು ಓದಿ ನೋಡಿ. ಯಜಮಾನನಂತೆಯೇ ಆಳು, ದಾಸಿ ಕೂಡ ವಿಶ್ರಮಿಸಲಿ ಎಂಬುದು ಅಲ್ಲಿಯ ಉದ್ದೇಶ. ಎತ್ತು ಕತ್ತೆಗಳನ್ನೂ ಬಿಟ್ಟಿಲ್ಲ. ಐಗುಪ್ತದಲ್ಲಿ ಬಿಡುವಿಲ್ಲದೆ ದುಡಿದವರಿಗೆ ಕೊಟ್ಟ ಕಟ್ಟಳೆಯದು.

ಹಾಗಾದರೆ ಮಾಸ್ತರರ ದಿನಗಳನ್ನು ಎಣಿಸುವ ನಾವು ನಮ್ಮ ಮನೆಯ ಭಾಂಡೆ ತಿಕ್ಕುವ ತಾಯಿಯ ದಿನಗಳನ್ನು ಎಣಿಸಿದ್ದೇವೆಯೇ? ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ನೆಂಟರು ಬರುತ್ತಾರೆ, ಅಂದು ಆಕೆಗೆ ದುಪ್ಪಟ್ಟು ಕೆಲಸ. ಜ್ವರ ಬಂದು ಮನೆಯಲ್ಲಿ ಉಳಿದ ದಿನದ ಪಗಾರ ಹಿಡಿಯುವವರೂ ನಮ್ಮಲ್ಲಿದ್ದಾರೆ.