ಪರರ ಪಾಪ, ತನ್ನ ಉಪವಾಸ

ಮಾಡಿದ್ದುಣ್ಣೋ ಮಹಾರಾಯ ಎಂಬ ಜನದ ಗಾದೆಗೂ ಶಾಸ್ತ್ರದ ಕರ್ಮಸಿದ್ಧಾಂತಕ್ಕೂ ಅಭಿಪ್ರಾಯಭೇದವಿಲ್ಲ: ಕರ್ಮದ ಫಲವು ಕರ್ತೃವಿನದು, ಅದನ್ನು ಮಗನ ಪರವಾಗಿ ತಂದೆಯಾಗಲಿ ಶಿಷ್ಯನ ಪರವಾಗಿ ಗುರುವಾಗಲಿ ಉಣ್ಣಲಾರನು. ಹಾಗಿರುವಲ್ಲಿ, 1922ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿದ್ದ ಗಾಂಧೀಜಿಯವರು, ತಾವು ಕಾಣದ, ಕೂಡದೆಂದೇ ಬೋಧಿಸುತ್ತ ಬಂದಿದ್ದ ಒಂದು ಕೃತ್ಯಕ್ಕಾಗಿ ಐದು ದಿನ ಉಪವಾಸವಿದ್ದುದು ಯಾವ ನ್ಯಾಯದಿಂದ?

ಕೃತ್ಯವೇನೋ ಘೋರವಾದುದೇ. ಗೋರಖಪುರ ಜಿಲ್ಲೆಯ ಚೌರಿ ಚೌರಾದಲ್ಲಿ ಆ ತಿಂಗಳ 4ರಂದು ಠಾಣೆಯ ಮುಂದೆ ನೆರೆದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಗುಂಡು ತೀರಿ ಅವರು ಒಳಹೊಕ್ಕು ಬಾಗಿಲಿಕ್ಕಿಕೊಂಡಾಗ ಜನ ಠಾಣೆಗೆ ಬೆಂಕಿಯಿಟ್ಟರು. 22 ಮಂದಿ ಪೊಲೀಸರು ಸತ್ತರು. ಆ ಜನದ ಬಾಯಲ್ಲಿದ್ದುದು ಗಾಂಧಿಯ ಜಯಕಾರವೇ.

ಪ್ರಜೆಗಳನ್ನು ರಕ್ಷಿಸದ ಅರಸನಿಗೆ ಅವರ ಅಧರ್ಮದಲ್ಲಿ ಆರನೆಯ ಒಂದು ಪಾಲು ಸಲ್ಲುವುದೆಂದು ಮನುಸ್ಮೃತಿ ಹೇಳುತ್ತದೆ. ಕಂದಾಯವನ್ನೆತ್ತುವವನು ಪಾಪವನ್ನೂ ಎತ್ತತಕ್ಕವನೆಂಬುದು ಇದರ ತಾತ್ಪರ್ಯವೆಂದು ನಾನು ತಿಳಿದಿದ್ದೇನೆ. ಅಂದು ಕಂದಾಯವನ್ನೆತ್ತುತ್ತಿದ್ದವರು ಬ್ರಿಟಿಷರು; ಸ್ಮೃತಿಯ ಅಕ್ಷರದಂತೆ ಆ ಪಾಲು ಅವರದು; ಅವರು ಅದನ್ನು ಮುಟ್ಟಲಿಲ್ಲ. ಕಿರೀಟವಿಲ್ಲದೆ, ಸೈನ್ಯವಿಲ್ಲದೆ, ಜನದ ವಿಧೇಯತೆಯೊಂದನ್ನೇ ಸಂಪಾದಿಸಿದ್ದ ಗಾಂಧೀಜಿಯವರು ಅದನ್ನು ತಾವಾಗಿ ಎತ್ತಿಕೊಂಡರು. ರಾಜ್ಯವು ಕೈಸೇರುವುದಕ್ಕೆ ಕಾಲು ಶತಮಾನ ಮುಂಚೆಯೇ ರಾಜನ ಋಣವನ್ನು ಹೊತ್ತರು. ಮಾರ್ಚ್ 18ರಂದು ಅಹಮದಾಬಾದಿನಲ್ಲಿ, ಚೌರಿ ಚೌರಾದ ಹೊಣೆಯಿಂದ ತಾವು ದೂರ ನಿಲ್ಲಲಾರೆವೆಂದು ನ್ಯಾಯಾಧೀಶರ ಮುಂದೆಯೇ ಒಪ್ಪಿ, ಆರು ವರ್ಷದ ಸೆರೆಯನ್ನು ಸ್ವೀಕರಿಸಿದರು. ಸ್ವರಾಜ್ಯದ ಇಷ್ಟು ಗಂಭೀರವಾದ ಘೋಷಣೆ ಯಾವ ಮಹಾಸಭೆಯ ನಿರ್ಣಯದಲ್ಲಿಯೂ ನನಗೆ ಕಂಡಿಲ್ಲ.

ಉಪವಾಸದೊಡನೆ ಅಸಹಕಾರ ಚಳವಳಿಯನ್ನೂ ನಿಲ್ಲಿಸಿದುದಕ್ಕೆ ಸೆರೆಯಲ್ಲಿದ್ದ ಲಾಲಾ ಲಜಪತರಾಯರೂ ಮೋತಿಲಾಲ ನೆಹರೂ ಅವರೂ ಕ್ಷೋಭೆಗೊಂಡರು. ಅವರ ಸಂಕಟ ಸಹಜವಾದುದು; ಆದರೆ ಅಹಿಂಸೆಯನ್ನು ಉಪಾಯವೆನ್ನದೆ ವ್ರತವೆಂದು ಹಿಡಿದವನು, ವ್ರತಭಂಗವಾದ ಮೇಲೆಯೂ ಏನೂ ಆಗದವನಂತೆ ಮುಂದುವರಿಯುವುದೆಂತು?

ನನ್ನ ಮನಸ್ಸು ಒಪ್ಪದಿರುವುದು ಮತ್ತೊಂದೆಡೆಯಲ್ಲಿ. ಅಪರಾಧ ಮಾಡಿದವರು ತಾವಾಗಿ ಸರ್ಕಾರಕ್ಕೆ ಶರಣಾಗಿ ತಪ್ಪೊಪ್ಪಿಕೊಳ್ಳಬೇಕೆಂದು ಗಾಂಧೀಜಿಯವರು ಬರೆದರು. ಯಾವ ಸರ್ಕಾರದ ಅರಸುತನವನ್ನು ತಮ್ಮ ಪ್ರಾಯಶ್ಚಿತ್ತದಿಂದ ಅಲ್ಲಗಳೆದಿದ್ದರೋ, ಮೊದಲ ಗುಂಡು ಯಾರದೋ, ದಂಡಿಸುವ ಅಧಿಕಾರವನ್ನು ಪುನಃ ಅವರಿಗೇ ಒಪ್ಪಿಸಿದಂತಾಯಿತಲ್ಲವೆ? ಕೆಳಗಿನ ನ್ಯಾಯಾಲಯವು 172 ಮಂದಿಗೆ ಮರಣದಂಡನೆ ವಿಧಿಸಿತು. ಮದನಮೋಹನ ಮಾಳವೀಯರು ಅಲಹಾಬಾದಿನ ಹೈಕೋರ್ಟಿನಲ್ಲಿ ವಾದಿಸಿದ ಮೇಲೆ 19 ಮಂದಿಗೆ ಅದು ಸ್ಥಿರವಾಯಿತು. 1923ರ ಜುಲೈಯಲ್ಲಿ, ಗಾಂಧೀಜಿಯವರು ಯೆರವಡೆಯ ಸೆರೆಯಲ್ಲಿದ್ದಾಗ, ಆ 19 ಮಂದಿಯನ್ನು ನೇಣಿಗೇರಿಸಿದರು. ಆರನೆಯ ಪಾಲನ್ನು ಹೊತ್ತವರು ಯಾರೆಂಬುದನ್ನು ನಾವು ಬಲ್ಲೆವು. ಮಿಕ್ಕ ಐದು ಪಾಲು ಆ ಹತ್ತೊಂಬತ್ತು ಕೊರಳುಗಳದೇ ಆಗಿತ್ತೆಂದು ಯಾವ ಸ್ಮೃತಿಯನ್ನು ತಿರುವಿದರೂ ನಾನು ನಂಬಲಾರೆ.